ಗಾಡಿ ಬರದ ಊರಲ್ಲಿ ಹಳೆ ಸೋಫಾ, ಹಾಸಿಗೆ, ಶೀಟು ಏನು ಮಾಡೋದು?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಒಳಹಳ್ಳಿ. ಕಾಫಿ ತೋಟದ ಮಧ್ಯೆ ಒಂಟಿ ಮನೆ. ಪಂಚಾಯ್ತಿ ಕಸದ ಗಾಡಿ ವಾರಕ್ಕೊಮ್ಮೆ ಮೇನ್ ರೋಡಿಗೆ ಬಂದು ಹೋಗುತ್ತದೆ. ಎರಡು ಕಿಲೋಮೀಟರ್ ಒಳಗಿರುವ ನಮ್ಮ ಕಡೆ ಬರುವುದಿಲ್ಲ. ಈಚೆಗೆ ಮನೆ ರಿಪೇರಿ ಮಾಡಿಸಿದೆವು. ಹಳೆ ಸೋಫಾ, ಫೋಮ್ ಹಾಸಿಗೆ, ದಪ್ಪ ಟಿವಿ, ಕೆಟ್ಟ ಫ್ರಿಜ್, ಸಿಮೆಂಟ್ ಶೀಟು, ಒಡೆದ ಹೆಂಚು, ಕಮೋಡ್ ಎಲ್ಲ ಅಂಗಳದಲ್ಲಿ ಬಿದ್ದಿವೆ. ಗುಜರಿಯವನು ಬರೀ ಕಬ್ಬಿಣ ಒಯ್ದ. ಅತ್ತೆಯವರ ಡೈಪರ್ ಚಿಂತೆ ಬೇರೆ. ಇವನ್ನೆಲ್ಲ ಸುಡಬೇಕಾ, ಹೂಳಬೇಕಾ? ಗಾಡಿಯೇ ಬಾರದ ನಾವು ಪಂಚಾಯ್ತಿಗೆ ಕಸದ ಶುಲ್ಕ ಯಾಕೆ ಕೊಡಬೇಕು?

ಉತ್ತರ: ಅಂಗಳದ ಸಾಮಾನಿಗೆ ಬರುವ ಮುಂಚೆ ದಿನದ ಕಸದ ವಿಷಯ ಮುಗಿಸಿಕೊಳ್ಳೋಣ. ಗಾಡಿ ಬರಲ್ಲ ಅನ್ನುವ ಚಿಂತೆ ಅರ್ಧಕ್ಕರ್ಧ ಅಲ್ಲೇ ಕಡಿಮೆ ಆಗುತ್ತದೆ.

ಪೇಟೆಯಲ್ಲಿ ಗಾಡಿ ದಿನಾ ಬರಲೇಬೇಕು. ಅಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆ ಹಾಕಲು ಜಾಗ ಇಲ್ಲ. ನಿಮ್ಮಂಥ ತೋಟದ ಮನೆಗೆ ದಿನಾ ಗಾಡಿ ಬೇಕೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಸಕ್ಕೆ ಅವಸರ ತರುವುದು ಹಸಿ ಕಸ ಮಾತ್ರ. ಅದು ನಾರುತ್ತದೆ, ನೊಣ ಕರೆಯುತ್ತದೆ, ನಾಯಿ-ಹಂದಿ ಎಳೆದಾಡುತ್ತವೆ. ಅದನ್ನು ಮನೆಯಲ್ಲೇ ನಿಲ್ಲಿಸಿಕೊಂಡರೆ ಉಳಿದ ಕಸ ಚೀಲದಲ್ಲಿ ಸುಮ್ನೆ ಕೂತಿರುತ್ತದೆ. ತೊಳೆದು ಒಣಗಿಸಿದ ಹಾಲಿನ ಕವರ್ ಆರು ತಿಂಗಳು ಬಿಟ್ಟರೂ ನಾರುವುದಿಲ್ಲ. ತಿಂಗಳಿಗೊಮ್ಮೆ ಜೀಪು ಪೇಟೆಗೆ ಹೋಗುವಾಗ ಆ ಚೀಲವನ್ನು ಮೇನ್ ರೋಡಿಗೋ ಪಂಚಾಯ್ತಿಯ ಸ್ವಚ್ಛ ಸಂಕೀರ್ಣಕ್ಕೋ ಮುಟ್ಟಿಸಿದರೆ ಆಯಿತು. ಸ್ವಚ್ಛ ಸಂಕೀರ್ಣ ಅಂದರೆ ಒಣ ಕಸ ವಿಂಗಡಿಸುವ ಪಂಚಾಯ್ತಿ ಶೆಡ್ಡು. ಎಷ್ಟೋ ಕಡೆ ಅದನ್ನು ಸಂಜೀವಿನಿ ಒಕ್ಕೂಟದ, ಅಂದರೆ ಊರಿನ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ನಡೆಸುತ್ತಾರೆ. ಗಾಡಿ ಓಡಿಸುವವರೂ ಅವರೇ.

ಹಸಿ ಕಸಕ್ಕೆ ತಿಪ್ಪೆ ಇದೆಯಲ್ಲ ಅಂತೀರಿ. ಇದೆ. ಆದರೆ ಇವತ್ತಿನ ತಿಪ್ಪೆಯನ್ನು ಒಮ್ಮೆ ಕೆದಕಿ ನೋಡಿ. ಸಗಣಿ, ತರಗೆಲೆಯ ಜೊತೆ ಶಾಂಪೂ ಸ್ಯಾಶೆ, ಚಿಪ್ಸ್ ಕವರು, ಹರಿದ ಚಪ್ಪಲಿ, ಬ್ಲೇಡು ಎಲ್ಲ ಸಿಗುತ್ತವೆ. ಆ ಗೊಬ್ಬರ ಕಾಫಿ ಗಿಡದ ಬುಡಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಚೂರು ಮಣ್ಣಲ್ಲಿ ಉಳಿದು, ಅಗತೆ ಮಾಡುವಾಗ ಗುದ್ದಲಿಗೆ ಸಿಗುತ್ತದೆ. ತಿಪ್ಪೆಯ ಮೇಲಿಂದ ಕವರ್ ತಿಂದು ದನದ ಹೊಟ್ಟೆ ಕಟ್ಟಿದ್ದನ್ನು ನಿಮ್ಮೂರಿನ ಪಶುವೈದ್ಯರೂ ನೋಡಿರುತ್ತಾರೆ. ಅದಕ್ಕೇ ಅಡುಗೆಮನೆಯಲ್ಲಿ ಎರಡು ಬಕೆಟ್ ಇಡಿ. ತಿಪ್ಪೆಗೆ ಹೋಗುವುದು ಒಂದರಲ್ಲಿ, ಹೋಗಬಾರದ್ದು ಇನ್ನೊಂದರಲ್ಲಿ.

ಮಲೆನಾಡಿನ ಮಳೆಯಲ್ಲಿ ನೆಲದೊಳಗಿನ ಗುಂಡಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆರೆಯೇ ಆಗಿಬಿಡುತ್ತದೆ. ಗಾಳಿಯಾಡದೆ ಕೊಳೆತು ನಾರುತ್ತದೆ, ರಸ ಬಾವಿ ಕಡೆ ಇಳಿಯುತ್ತದೆ. ಮಳೆಗಾಲಕ್ಕೆ ನೆಲದ ಮೇಲೆಯೇ ಕಲ್ಲಿನದೋ ಇಟ್ಟಿಗೆಯದೋ ತೊಟ್ಟಿ ಕಟ್ಟಿ, ಮೇಲೊಂದು ತಗಡು ಹಾಕಿ. ಬೇಸಿಗೆಯಲ್ಲಿ ತರಗೆಲೆ, ಅಡಿಕೆ ಸಿಪ್ಪೆ, ಮರದ ಪುಡಿ ಏನಿದೆಯೋ ಅದನ್ನು ಚೀಲಗಟ್ಟಲೆ ಕೂಡಿಟ್ಟುಕೊಳ್ಳಿ. ಒಂದು ಬಕೆಟ್ ಹಸಿ ಕಸ ಹಾಕಿದರೆ ಅದರ ಮೇಲೆ ಅಷ್ಟೇ, ಇಲ್ಲ ಅದಕ್ಕಿಂತ ಸ್ವಲ್ಪ ಜಾಸ್ತಿ ಒಣ ಎಲೆ ಬೀಳಬೇಕು. ಮೀನಿನ ಮುಳ್ಳು, ಕೋಳಿ ಮೂಳೆಯನ್ನು ಮೇಲೆ ಬಿಸಾಡದೆ ರಾಶಿಯ ನಡುವೆ ಹೂತರೆ ನಾಯಿ ಕೆರೆಯುವುದು ತಪ್ಪುತ್ತದೆ.

ಇನ್ನು ಸುಡುವ ಮಾತು. ನಮ್ಮ ಕಡೆ ಜಾಸ್ತಿ ಪ್ಲಾಸ್ಟಿಕ್ ಸುಡುವುದು ರಸ್ತೆ ಬದಿಯಲ್ಲಲ್ಲ, ಬಚ್ಚಲೊಲೆಯಲ್ಲಿ. ಮಳೆಗಾಲದಲ್ಲಿ ಸೌದೆ ಹಸಿ ಇರುತ್ತದೆ, ಒಂದು ಕವರು ತುರುಕಿದರೆ ಬೇಗ ಹತ್ತಿಕೊಳ್ಳುತ್ತದೆ. ಎಲ್ಲರ ಮನೆಯಲ್ಲೂ ನಡೆಯುವುದೇ. ಆದರೆ ಆ ಹೊಗೆ ಮೊದಲು ಹೋಗುವುದು ಒಲೆ ಊದುವವರ ಎದೆಗೆ. ಆಮೇಲೆ ಅದೇ ಬೂದಿ ಪಾತ್ರೆ ತಿಕ್ಕಲು, ಬದನೆ-ಸೊಪ್ಪಿನ ಗಿಡಕ್ಕೆ ಎರಚಲು. ಪಿವಿಸಿ ಪೈಪ್, ರೆಕ್ಸಿನ್, ವೈರಿನ ಸಿಪ್ಪೆಯಲ್ಲಿ ಕ್ಲೋರಿನ್ ಇರುತ್ತದೆ. ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ, ಅದು ಬೂದಿಯಲ್ಲೂ ಉಳಿಯುತ್ತದೆ. ಒಲೆ ಹಚ್ಚಲು ಒಣ ತೆಂಗಿನ ಗರಿ, ಅಡಿಕೆ ಹಾಳೆ ಅಟ್ಟದಲ್ಲಿಟ್ಟುಕೊಂಡರೆ ಸಾಕು, ಈ ಅಭ್ಯಾಸ ಬಿಡಬಹುದು. ಬಯಲಲ್ಲಿ ಕಸ ಸುಟ್ಟರೆ ₹5,000, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ ₹25,000 ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಹಳ್ಳಿಯಲ್ಲಿ ಯಾರು ಬಂದು ದಂಡ ಹಾಕುತ್ತಾರೆ ಅಂತ ನೀವು ನಗಬಹುದು. ಆ ಬೂದಿ ತಿಕ್ಕಿದ ತಟ್ಟೆಯಲ್ಲಿ ಊಟ ಮಾಡುವವರು ನೀವೇ ಅಲ್ವಾ?

ಈಗ ಅಂಗಳಕ್ಕೆ ಬರೋಣ. ದೊಡ್ಡ ಸಾಮಾನನ್ನು ಇಡಿಯಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಪಂಚಾಯ್ತಿ ಗಾಡಿಗೆ ಸೋಫಾ ಹಿಡಿಯುವುದಿಲ್ಲ, ಗುಜರಿಯವನಿಗೆ ಅದರಲ್ಲಿ ಲಾಭ ಇಲ್ಲ. ಬಿಚ್ಚಿದರೆ ಒಂದೊಂದು ಭಾಗಕ್ಕೂ ಒಂದೊಂದು ದಾರಿ ಇದೆ.

ಸೋಫಾ ಬಿಚ್ಚಲು ಒಬ್ಬ ಆಳಿಗೆ ಅರ್ಧ ದಿನ ಸಾಕು. ಸ್ಪ್ರಿಂಗ್, ಮೊಳೆ, ಕಬ್ಬಿಣದ ಕಾಲು ಗುಜರಿಗೆ. ಗಟ್ಟಿ ಮರ ಇದ್ದರೆ ಕೊಟ್ಟಿಗೆಗೋ ಒಲೆಗೋ ಆಗುತ್ತದೆ. ಪ್ಲೈವುಡ್, ಸನ್‌ಮೈಕಾ ಅಂಟಿಸಿದ ಹಲಗೆ, ಬಣ್ಣ ಬಳಿದ ಮರ ಒಲೆಗೆ ಬೇಡ. ಅವುಗಳ ಅಂಟು, ಬಣ್ಣದ ಹೊಗೆ ಒಳ್ಳೆಯದಲ್ಲ. ಕೋಳಿಗೂಡಿಗೋ ಅಟ್ಟಕ್ಕೋ ಹಾಕಿಕೊಳ್ಳಿ. ರೆಕ್ಸಿನ್ ಮಡಚಿ ಒಣ ಕಸದ ಚೀಲಕ್ಕೆ.

ಹಾಸಿಗೆಯಲ್ಲಿ ಹತ್ತಿಯದಕ್ಕೂ ಫೋಮಿನದಕ್ಕೂ ಅಜಗಜಾಂತರ. ಹತ್ತಿ, ಬೂರುಗದ ಹಾಸಿಗೆಯನ್ನು ಬಿಚ್ಚಿ ಹಿಂಜಿಸಿ ಮತ್ತೆ ಹೊಲಿಸಬಹುದು. ಪೂರಾ ಹಾಳಾದರೆ ಆ ಹತ್ತಿ ತಿಪ್ಪೆಯಲ್ಲಿ ಕೊಳೆಯುತ್ತದೆ, ಏನೂ ತೊಂದರೆ ಇಲ್ಲ. ಫೋಮ್ ಪಾಲಿಯುರೆಥೇನ್. ಹೂತರೆ ಕೊಳೆಯುವುದಿಲ್ಲ. ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡ್ ಅನ್ನುವ ವಿಷ ಗಾಳಿಯೂ ಏಳುತ್ತದೆ. ಅದನ್ನಂತೂ ಯಾವ ಕಾರಣಕ್ಕೂ ಸುಡಬೇಡಿ. ಹೊದಿಕೆ ತೆಗೆದು, ಫೋಮು ಒಣಗಿದ್ದು ಶುಚಿಯಾಗಿದ್ದರೆ ಕುಯ್ದು ಚೀಲಕ್ಕೆ ತುಂಬಿ. ಸಕಲೇಶಪುರ, ಹಾಸನ, ಬೇಲೂರಿನಲ್ಲಿ ಸೋಫಾ ರಿಪೇರಿ, ಕುಶನ್ ಕೆಲಸ ಮಾಡುವವರನ್ನು ಮೊದಲು ಕೇಳಿ. ದಿಂಬಿಗೆ, ಸೀಟಿಗೆ ತುಂಬಲು ತೆಗೆದುಕೊಳ್ಳುವವರಿರುತ್ತಾರೆ. ಮಳೆಯಲ್ಲಿ ನೆನೆದು ಬೂಸು ಹಿಡಿದರೆ ಯಾರೂ ಮುಟ್ಟುವುದಿಲ್ಲ. ಅದಕ್ಕೇ ಇವತ್ತೇ ಅದನ್ನು ಅಂಗಳದಿಂದ ಎತ್ತಿ ಸೂರಿನಡಿ ಇಡಿ.

ದಪ್ಪ ಟಿವಿಯನ್ನು ಬಿಚ್ಚಬೇಡಿ. ಮೇಲೆ ಬಿಚ್ಚಿ ಅಂದವನೇ ಇಲ್ಲಿ ಬೇಡ ಅನ್ನುತ್ತಿದ್ದೇನೆ, ಕಾರಣ ಇದೆ. ಅದರ ಗಾಜಿನ ಟ್ಯೂಬಿನಲ್ಲಿ ಸೀಸ ಇರುತ್ತದೆ. ಗುಜರಿಯವರಿಗೆ ಬೇಕಿರುವುದು ಟ್ಯೂಬಿನ ಕತ್ತಿನಲ್ಲಿರುವ ತಾಮ್ರದ ಸುರುಳಿ. ಅದನ್ನು ಕಿತ್ತುಕೊಂಡು ಗಾಜನ್ನು ಹಳ್ಳದ ಬದಿಗೆ ಎಸೆದು ಹೋಗುವವರು ಇದ್ದಾರೆ. ಟ್ಯೂಬಿನೊಳಗೆ ಗಾಳಿ ಇರುವುದಿಲ್ಲ, ಒಡೆದರೆ ಗಾಜು ಸಿಡಿಯುತ್ತದೆ. ಹಾಗಾಗಿ ಇಡಿಯಾಗಿಯೇ ಇಡಿ.

ಫ್ರಿಜ್ಜಿನದೂ ಇದೇ ಕಥೆ. ಕಂಪ್ರೆಸರ್‌ನಲ್ಲಿ ತಾಮ್ರ ಇದೆ ಅಂತ ಪೈಪ್ ಕತ್ತರಿಸಿದರೆ ಒಳಗಿನ ಗ್ಯಾಸ್ ಪೂರಾ ಹೊರಗೆ ಹೋಗುತ್ತದೆ. ಹೊಸದು ಕೊಳ್ಳುವಾಗ ಎಕ್ಸ್‌ಚೇಂಜ್‌ಗೆ ಕೊಡುವುದು ಸುಲಭದ ದಾರಿ. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಟಿವಿ, ಫ್ರಿಜ್, ಫೋನುಗಳ ಮರುಬಳಕೆಯ ಹೊಣೆ ತಯಾರಿಸಿದ ಕಂಪನಿಗಳದ್ದು. ಹಾಸನದ ಶೋರೂಮಿನಲ್ಲಿ ಅದನ್ನು ನೆನಪಿಸಿ ಕೇಳಿ, ಸಂಕೋಚ ಬೇಡ. ಕೆಟ್ಟ ಫ್ರಿಜ್ಜನ್ನು ಬೀಜ ಇಡುವ ಬೀರು ಮಾಡಿಕೊಂಡ ಮನೆಗಳೂ ಉಂಟು. ಒಳ್ಳೆಯ ಉಪಾಯವೇ, ಇಲಿ ನುಗ್ಗುವುದಿಲ್ಲ. ಮಕ್ಕಳಿರುವ ಮನೆಯಾದರೆ ಬಾಗಿಲ ರಬ್ಬರು ಕಿತ್ತುಬಿಡಿ, ಅಥವಾ ಬೀಗ ಹಾಕಿ. ಆಟಕ್ಕೆ ಒಳಗೆ ಕೂತ ಮಗುವಿಗೆ ಉಸಿರು ಕಟ್ಟುತ್ತದೆ.

ಯುಪಿಎಸ್ ಬ್ಯಾಟರಿ ಇದ್ದರೆ ತಲೆಬಿಸಿ ಇಲ್ಲ. ಸೀಸಕ್ಕೆ ಬೆಲೆ ಇದೆ. ಹೊಸ ಬ್ಯಾಟರಿ ಕೊಡುವ ಅಂಗಡಿಯವರೇ ಹಳೆಯದನ್ನು ತೆಗೆದುಕೊಂಡು ರೇಟಿನಲ್ಲಿ ಮುರಿದುಕೊಳ್ಳುತ್ತಾರೆ. ಆಸಿಡ್ ಮಾತ್ರ ಮನೆಯಲ್ಲಿ ಚೆಲ್ಲಬೇಡಿ.

ನಿಮ್ಮ ಪಟ್ಟಿಯಲ್ಲಿ ನನಗೆ ಜಾಸ್ತಿ ಹೆದರಿಕೆ ಇರುವುದು ಸಿಮೆಂಟ್ ಶೀಟಿನ ಬಗ್ಗೆ. ಹಳೆಯ ಸಿಮೆಂಟ್ ಶೀಟು ಅಂದರೆ ಹೆಚ್ಚುಕಮ್ಮಿ ಎಲ್ಲವೂ ಆಸ್ಬೆಸ್ಟಾಸ್ ನಾರು ಬೆರೆಸಿದವು. ಇಡಿಯಾಗಿರುವಾಗ ಅಂಥ ಅಪಾಯ ಇಲ್ಲ. ಒಡೆದಾಗ, ಗರಗಸ ಹಾಕಿದಾಗ, ತೂತು ಕೊರೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಗಾಳಿಗೆ ಏಳುತ್ತದೆ. ಅದು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಕ್ಯಾನ್ಸರ್ ಆಗಿ ಕಾಣಿಸಬಹುದು. ಆದರೂ ನಮ್ಮಲ್ಲಿ ಒಡೆದ ಶೀಟನ್ನು ತೋಟದ ದಾರಿಯ ಗುಂಡಿಗೆ ತುಂಬುತ್ತಾರೆ. ಅದರ ಮೇಲೆ ಟ್ರ್ಯಾಕ್ಟರ್ ಓಡಿ ಪುಡಿಯಾಗುತ್ತದೆ, ಬೇಸಿಗೆಯಲ್ಲಿ ಧೂಳಾಗಿ ಏಳುತ್ತದೆ. ಅದು ಮಾಡಬೇಡಿ. ಇಡಿ ಶೀಟುಗಳನ್ನು ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಇಬ್ಬರು ಹಿಡಿದು ಎತ್ತಿ. ಸೌದೆ ರಾಶಿ ಮುಚ್ಚಲು ಹಾಗೇ ಬಳಸಿ. ಒಡೆದ ಚೂರುಗಳನ್ನು ಒದ್ದೆ ಮಾಡಿ ದಪ್ಪ ಗೊಬ್ಬರದ ಚೀಲದಲ್ಲಿ ಕಟ್ಟಿ, ಮೇಲೆ ಇನ್ನೊಂದು ಚೀಲ ಹಾಕಿ, ಯಾರೂ ಬಿಚ್ಚದ ಹಾಗೆ ಗುರುತು ಬರೆದು ಬೇರೆ ಇಡಿ. ಇದು ಅಪಾಯಕಾರಿ ತ್ಯಾಜ್ಯಕ್ಕೆಂದೇ ಇರುವ ಜಾಗಕ್ಕೆ ಹೋಗಬೇಕಾದದ್ದು. ಹಾಗಾಗಿ ಪಂಚಾಯ್ತಿಗೆ ಬರೆಯುವ ಅರ್ಜಿಯಲ್ಲಿ ಇದನ್ನು ಹೆಸರು ಹೇಳಿಯೇ ಸೇರಿಸಿ.

ಹೆಂಚು, ಕಮೋಡ್ ಸುಲಭ. ಒಡೆಯದ ಹಳೇ ಮಂಗಳೂರು ಹೆಂಚಿಗೆ ಹೋಂಸ್ಟೇ ಕಟ್ಟುವವರಿಂದ ಬೇಡಿಕೆ ಇದೆ. ಹಳೆ ಬಾಗಿಲು, ಕಂಬ, ತೊಲೆ ಇದ್ದರೂ ಗುಜರಿಗೆ ಕೊಡುವ ಮುಂಚೆ ಮೂಡಿಗೆರೆ, ಸಕಲೇಶಪುರ ಕಡೆ ನಾಲ್ಕು ಜನರನ್ನು ವಿಚಾರಿಸಿ. ಒಡೆದ ಹೆಂಚು, ಕಮೋಡಿನ ಪಿಂಗಾಣಿ ಮಣ್ಣಿಗೆ ಕೆಡುಕು ಮಾಡುವುದಿಲ್ಲ. ಪಾಯಕ್ಕೆ, ಅಂಗಳದ ತಗ್ಗಿಗೆ ತುಂಬಿ. ಚೂರು ಚೂಪಾಗಿರುತ್ತವೆ, ಮೇಲೆ ಮಣ್ಣು ದಪ್ಪಗೆ ಬೀಳಲಿ. ಹಳೆ ಟೈರು ಇದ್ದರೆ ನೀರು ನಿಲ್ಲದಂತೆ ತೂತು ಮಾಡಿ ಅಥವಾ ಟೈರ್ ಅಂಗಡಿಗೆ ಕೊಟ್ಟುಬಿಡಿ. ಡೆಂಗ್ಯೂ ಸೊಳ್ಳೆಗೆ ಮೊಟ್ಟೆ ಇಡಲು ಅದಕ್ಕಿಂತ ಒಳ್ಳೆ ಜಾಗ ಬೇಡ.

ನೆರೆಯವರು ಯಾರಾದರೂ “ಮಳೆ ಬರಲಿ, ಹಳ್ಳಕ್ಕೆ ಬಿಡಿ, ಹೊಳೆ ಒಯ್ಯುತ್ತದೆ” ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೊಳೆ ಒಯ್ಯುತ್ತದೆ, ನಿಜ. ಎಲ್ಲಿಗೆ? ನಿಮ್ಮ ಹಳ್ಳ ಹೇಮಾವತಿಗೆ ಸೇರುವುದಾದರೆ ಗೊರೂರು ಅಣೆಕಟ್ಟೆಗೆ. ಅಲ್ಲಿಂದ ಕಾಲುವೆ ನೀರು ತುಮಕೂರು, ಮಂಡ್ಯದವರೆಗೂ ಹೋಗುತ್ತದೆ. ಘಟ್ಟದ ಅಂಚಿನ ಹಳ್ಳವಾದರೆ ಆ ಕಡೆ ನೇತ್ರಾವತಿಗೆ.

ಡೈಪರ್ ವಿಷಯಕ್ಕೆ ನೀವು ಸಂಕೋಚದಿಂದಲೇ ಬರೆದಿರಬಹುದು. ಆದರೆ ವಯಸ್ಸಾದವರಿರುವ ಮನೆಗಳಲ್ಲಿ ಇವತ್ತು ಇದೇ ದೊಡ್ಡ ತಲೆನೋವು. ಡೈಪರ್‌ನಲ್ಲಿ ಮರದ ತಿರುಳು, ನೀರು ಹೀರುವ ಜೆಲ್, ಪ್ಲಾಸ್ಟಿಕ್ ಪದರ ಎಲ್ಲ ಅಂಟಿಕೊಂಡಿರುತ್ತವೆ. ಒದ್ದೆಯಾದದ್ದು ಸರಿಯಾಗಿ ಉರಿಯುವುದೂ ಇಲ್ಲ, ಬರೀ ಹೊಗೆಯಾಡುತ್ತದೆ. ಮಲ ಇದ್ದರೆ ಮೊದಲು ಕಕ್ಕಸಿಗೆ ಉದುರಿಸಿ. ಡೈಪರ್ ಮಾತ್ರ ಕಕ್ಕಸಿಗೆ ಹಾಕಬೇಡಿ, ಜೋಡಿ ಗುಂಡಿಯ ಪೈಪ್ ಕಟ್ಟಿಕೊಳ್ಳುತ್ತದೆ. ಬಿಗಿಯಾಗಿ ಸುತ್ತಿ, ಪೇಪರಿನಲ್ಲಿ ಕಟ್ಟಿ, ಮುಚ್ಚಳ ಇರುವ ಬೇರೆ ಬಕೆಟ್‌ನಲ್ಲಿಟ್ಟು ವಾರಕ್ಕೊಮ್ಮೆ ಬರುವ ಗಾಡಿಗೆ ಮುಟ್ಟಿಸಿ. ನಾನು ಒಣ ಕಸಕ್ಕೆ ತಿಂಗಳು ಸಾಕು ಅಂದೆ, ಇದಕ್ಕೆ ಅದು ನಡೆಯಲ್ಲ. 2016ರ ಘನತ್ಯಾಜ್ಯ ನಿಯಮದಲ್ಲಿ ಕಸವನ್ನು ಮೂರು ಭಾಗ ಮಾಡಬೇಕು ಅಂತಿತ್ತು. 2026ರ ಏಪ್ರಿಲ್‌ನಿಂದ ಬಂದ ಹೊಸ ನಿಯಮದಲ್ಲಿ ನಾಲ್ಕು. ಡೈಪರ್, ಪ್ಯಾಡುಗಳದ್ದೇ ಒಂದು ಪ್ರತ್ಯೇಕ ಭಾಗ. ಔಷಧಿ, ಟ್ಯೂಬ್‌ಲೈಟ್, ಬಣ್ಣದ ಡಬ್ಬಿಯಂಥವು ಇನ್ನೊಂದು ಭಾಗ. ಅಂದರೆ ಸಂಗ್ರಹಿಸುವವರು ಇದನ್ನು ಬೇಡ ಅನ್ನುವ ಹಾಗಿಲ್ಲ. ಮಳೆಗೆ ರಸ್ತೆ ಕಡಿದು ಗಾಡಿಯೇ ಬರದಿದ್ದಾಗ ಆಳದ ಗುಂಡಿಯಲ್ಲಿ ಹೂಳುವುದೇ ಇದ್ದುದರಲ್ಲಿ ವಾಸಿ. ಬಾವಿಯಿಂದ ಐವತ್ತು ಅಡಿಯಾದರೂ ದೂರ, ನೀರು ನಿಲ್ಲದ ಎತ್ತರದ ಜಾಗ ಆಗಲಿ. ಹಗಲು ಹೊತ್ತು ಹಳೆ ಕಾಟನ್ ಸೀರೆಯ ಮಡಿಕೆ, ಅದರಡಿ ರಬ್ಬರ್ ಶೀಟು, ರಾತ್ರಿಗೆ ಮಾತ್ರ ಡೈಪರ್ ಅಂತ ಮಾಡಿಕೊಂಡ ಮನೆಗಳಲ್ಲಿ ಖರ್ಚೂ ಕಡಿಮೆ, ಅತ್ತೆಯವರ ಚರ್ಮಕ್ಕೂ ಹಿತ. ಒಗೆಯುವ ಕೆಲಸ ಜಾಸ್ತಿ ಆಗುತ್ತದೆ, ಅದು ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದು ನನಗೂ ಗೊತ್ತು. ಆ ಲೆಕ್ಕ ಮನೆಯವರೆಲ್ಲ ಕೂತು ಮಾಡಿಕೊಳ್ಳಬೇಕು.

ತೋಟದ ಮನೆಯಾದ್ದರಿಂದ ಕೇಳದಿದ್ದರೂ ಒಂದು ಮಾತು. ಗಿಡಗಳಿಗೆ ಹೊಡೆದ ಕೀಟನಾಶಕದ ಡಬ್ಬಿ, ಬಾಟ್ಲಿಗಳನ್ನು ಮನೆ ಕಸಕ್ಕೆ ಸೇರಿಸಬೇಡಿ. ಮೂರು ಸಲ ತೊಳೆದು ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ಮತ್ತೆ ಯಾರೂ ಎಣ್ಣೆ, ನೀರು ತುಂಬದ ಹಾಗೆ ತೂತು ಮಾಡಿ. ತೋಟದಲ್ಲಿ ಆಳುಗಳ ಲೈನ್ ಮನೆಗಳಿದ್ದರೆ ಅಲ್ಲಿಗೂ ಎರಡು ಬಕೆಟ್, ಒಂದು ಚೀಲ ಕೊಡುವುದು ತೋಟದವರ ಜವಾಬ್ದಾರಿ. ಏನೂ ಕೊಡದೆ “ಆಳುಗಳು ಟೆಟ್ರಾ ಪ್ಯಾಕ್ ಎಲ್ಲೆಂದರಲ್ಲಿ ಎಸೀತಾರೆ” ಅಂತ ಬೈಯುವ ಸಾಹುಕಾರರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಶುಲ್ಕ. ನಿಮ್ಮ ಸಿಟ್ಟು ನ್ಯಾಯವೇ. ಆದರೆ ಪಂಚಾಯ್ತಿಯ ಲೆಕ್ಕವನ್ನೂ ನೋಡಿ. ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ ಐದು ಸಾವಿರದೊಳಗಿನ ಜನಸಂಖ್ಯೆಯ ಹಳ್ಳಿಗೆ ಘನತ್ಯಾಜ್ಯದ ಕೆಲಸಕ್ಕೆ ತಲೆಗೆ ₹60ವರೆಗೆ ಅಂತ ಇಟ್ಟರು. ಎರಡು ಸಾವಿರ ಜನರ ಊರಿಗೆ ಅದು ₹1,20,000. ಅದು ಕೂಡ ಶೆಡ್ಡು, ಗಾಡಿಯಂಥದ್ದಕ್ಕೆ ಒಮ್ಮೆ ಬರುವ ದುಡ್ಡು. ದಿನದ ಡೀಸೆಲ್ಲು, ಹೆಣ್ಣುಮಕ್ಕಳ ಸಂಬಳ ಶುಲ್ಕದಿಂದ, ಪಂಚಾಯ್ತಿ ಸ್ವಂತ ನಿಧಿಯಿಂದ ಬರಬೇಕು. ಕಸ ಮಾರಿದ ದುಡ್ಡಲ್ಲಿ ನಡೆಯುತ್ತದೆ ಅನ್ನುವುದು ತಪ್ಪು ಕಲ್ಪನೆ. ರಟ್ಟು, ನೀರಿನ ಬಾಟ್ಲಿ, ತಗಡಿಗೆ ಬೆಲೆ ಇದೆ. ಅದನ್ನೆಲ್ಲ ಗುಜರಿಯವನು ಮೊದಲೇ ನಮ್ಮ ಮನೆ ಬಾಗಿಲಲ್ಲೇ ಒಯ್ದಿರುತ್ತಾನೆ. ಶೆಡ್ಡಿಗೆ ಬಂದು ಬೀಳುವುದು ಚಿಪ್ಸ್ ಕವರು, ಹರಿದ ಬಟ್ಟೆ, ಚಪ್ಪಲಿ. ಹಲವು ಪದರದ ಕವರುಗಳನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸಬೇಕು, ಸಾಗಣೆಗೆ ಕೈಯಿಂದ ಖರ್ಚು. ಹಾಗಾಗಿ ಶುಲ್ಕ ಕೊಡಿ, ಕೊಟ್ಟು ಸೇವೆ ಕೇಳಿ. ಶುಲ್ಕ ಕೊಡದವರ ಮಾತಿಗೆ ಗ್ರಾಮಸಭೆಯಲ್ಲಿ ತೂಕ ಇರಲ್ಲ.

ಏನು ಕೇಳಬೇಕು? ಗಾಡಿಯನ್ನು ತೋಟದೊಳಗೆ ಕಳಿಸಿ ಅಂತ ಹಟ ಹಿಡಿಯಬೇಡಿ. ಮಳೆಗಾಲದ ಆ ಏರಿನಲ್ಲಿ ಸಣ್ಣ ಗಾಡಿ ಹತ್ತುವುದಿಲ್ಲ. ನಿಮ್ಮ ಸುತ್ತಿನ ಏಳೆಂಟು ಮನೆಗಳಿಗೆ ಸೇರಿ ಮೇನ್ ರೋಡಿನ ಬಸ್ ಸ್ಟಾಪ್ ಹತ್ತಿರ ಸೂರು, ಜಾಲರಿ, ಬಾಗಿಲು ಇರುವ ಒಂದು ಕಟ್ಟೆ ಕೇಳಿ. ಜಾಲರಿ ಇಲ್ಲದಿದ್ದರೆ ಮಂಗಗಳು ಒಂದೇ ದಿನದಲ್ಲಿ ಎಲ್ಲವನ್ನೂ ರಸ್ತೆಗೆ ಎಳೆದು ಹಾಕುತ್ತವೆ. ಗಾಡಿ ಬರುವ ವಾರ, ಹೊತ್ತು ಅಲ್ಲಿ ಬರೆದಿರಲಿ. ಬೀಗದ ಕೈ ಊರಿನಲ್ಲಿ ಒಬ್ಬರ ಹತ್ತಿರ, ಗಾಡಿಯವರ ಹತ್ತಿರ ಒಂದು.

ಎರಡನೆಯದು, ವರ್ಷಕ್ಕೊಂದು ದಿನ ದೊಡ್ಡ ಸಾಮಾನಿಗೆ. ಕಾಫಿ ಕೊಯ್ಲು ಮುಗಿದು, ಯುಗಾದಿಗೆ ಮನೆ ಸುಣ್ಣಬಣ್ಣ ಮಾಡುವ ಹೊತ್ತಿಗೆ ಇಟ್ಟರೆ ಸರಿ. ಆಗ ರಸ್ತೆ ಒಣಗಿರುತ್ತದೆ, ತೋಟಗಳ ಟ್ರ್ಯಾಕ್ಟರ್, ಪಿಕಪ್ ಬಿಡುವಾಗಿರುತ್ತವೆ, ಎಲ್ಲರ ಅಟ್ಟದಿಂದ ಹಳೆ ಸಾಮಾನು ಕೆಳಗಿಳಿದಿರುತ್ತದೆ. ಆ ದಿನ ಇ-ತ್ಯಾಜ್ಯ ಒಯ್ಯುವ ಅಧಿಕೃತ ಸಂಸ್ಥೆ, ಒಬ್ಬ ಗುಜರಿಯವರು, ಕುಶನ್ ಕೆಲಸದವರು ಮೂವರನ್ನೂ ಶೆಡ್ಡಿಗೆ ಕರೆಸಲಿ. ಒಬ್ಬರ ಒಂದು ಟಿವಿಗೋಸ್ಕರ ಯಾರೂ ಹಾಸನದಿಂದ ಬರುವುದಿಲ್ಲ, ಇಡೀ ಪಂಚಾಯ್ತಿಯದು ಒಂದೆಡೆ ಸೇರಿದರೆ ಬರುತ್ತಾರೆ.

ಗ್ರಾಮಸಭೆ, ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ಬಾಯಲ್ಲಿ ಹೇಳಿ ಬಂದರೆ ಸಾಲದು, ನಡಾವಳಿ ಪುಸ್ತಕದಲ್ಲಿ ಬರೆಸಿ. ಅದಕ್ಕೂ ಮುಂಚೆ ಏಳೆಂಟು ಮನೆಯವರ ಸಹಿ ಹಾಕಿಸಿ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ (ಪಿಡಿಓ) ಅವರಿಗೆ ಅರ್ಜಿ ಕೊಡಿ. ಅದರಲ್ಲಿ ಕಟ್ಟೆ, ದೊಡ್ಡ ಸಾಮಾನಿನ ದಿನ, ಡೈಪರ್, ಸಿಮೆಂಟ್ ಶೀಟಿನ ಚೂರು ನಾಲ್ಕನ್ನೂ ಬಿಡಿಸಿ ಬರೆಯಿರಿ. ಉತ್ತರ ಬರದಿದ್ದರೆ ಮುಂದಿನ ಅರ್ಜಿ ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಓ) ಅವರಿಗೆ. ಆಗ ಮೊದಲನೆಯದರ ಸ್ವೀಕೃತಿ ಕೇಳುತ್ತಾರೆ, ಅರ್ಜಿಯ ಪ್ರತಿ ಮೇಲೆ ಮೊಹರು ಹಾಕಿಸಿಕೊಂಡೇ ಬನ್ನಿ.